ಯಂತ್ರ ಹೋದರೂ ಹೊತ್ತಿಗೆ ಉಳಿಯಲಿ



ಒಂದು ಪ್ರಶ್ನೆಯಿಂದ ಆರಂಭಿಸೋಣ. ನಿಮ್ಮ ಮುಂದೆ ಎರಡು ದಾಖಲೆಗಳಿವೆ ಎಂದುಕೊಳ್ಳಿ. ಒಂದು, ಒಂಬೈನೂರು ವರ್ಷ ಹಳೆಯ ಪುಸ್ತಕ. ಇನ್ನೊಂದು, ಹದಿನಾರು ವರ್ಷ ಹಳೆಯ ಕಂಪ್ಯೂಟರ್ ಡಿಸ್ಕ್. ಇವೆರಡರಲ್ಲಿ ಯಾವುದನ್ನು ಓದುವುದು ಸುಲಭ?

ಡಿಸ್ಕನ್ನು ಎಂದು ನಿಮ್ಮಲ್ಲಿ ಹಲವರು ಹೇಳಬಹುದು. ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಸಂಗ ಬೇರೆ ಉತ್ತರ ಕೊಡುತ್ತದೆ. ಅಲ್ಲಿಯ ರಾಜ ಒಂದನೆಯ ವಿಲಿಯಂ ತನ್ನ ರಾಜ್ಯದ ಊರು, ಹೊಲ, ದನಕರು, ಗಿರಣಿಗಳ ಲೆಕ್ಕವನ್ನು 1086ರಲ್ಲಿ ಬರೆಸಿದ. ಚರ್ಮದ ಹಾಳೆಗಳ ಮೇಲೆ ಬರೆದ ಆ ‘ಡೂಮ್ಸ್‌ಡೇ ಪುಸ್ತಕ’ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಲ್ಯಾಟಿನ್ ಬಲ್ಲವರು ಇಂದಿಗೂ ಅದನ್ನು ಓದಬಹುದು. ಅದಕ್ಕೆ 900 ವರ್ಷ ತುಂಬಿದಾಗ, 1986ರಲ್ಲಿ, ಬಿಬಿಸಿ ಸಂಸ್ಥೆ ಹೊಸ ಕಾಲದ ಡೂಮ್ಸ್‌ಡೇಯೊಂದನ್ನು ಸಿದ್ಧಪಡಿಸಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ, ಅವರಲ್ಲಿ ಬಹಳಷ್ಟು ಶಾಲಾ ಮಕ್ಕಳು, ತಮ್ಮ ಊರಿನ ವಿವರ ಬರೆದು ಚಿತ್ರ ಕಳಿಸಿದರು. ಅದನ್ನೆಲ್ಲ ಎರಡು ಲೇಸರ್ ಡಿಸ್ಕ್‌ಗಳಲ್ಲಿ ತುಂಬಿದರು. ಅವನ್ನು ಓದಲು ‘ಬಿಬಿಸಿ ಮಾಸ್ಟರ್’ ಎಂಬ ಕಂಪ್ಯೂಟರ್ ಬೇಕು, ಅದಕ್ಕೆ ಹೊಂದುವ ವಿಶೇಷ ಡಿಸ್ಕ್ ಪ್ಲೇಯರ್ ಬೇಕು.

2002ರ ಹೊತ್ತಿಗೆ ಸರಿಯಾಗಿ ನಡೆಯುವ ಅಂಥ ಯಂತ್ರಗಳು ತೀರಾ ವಿರಳವಾಗಿದ್ದವು. ಡಿಸ್ಕ್ ಇತ್ತು, ಓದುವ ಯಂತ್ರ ಕಣ್ಮರೆಯಾಗುತ್ತಿತ್ತು. ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು, ಹಳೆಯ ಯಂತ್ರದ ಹಾಗೆಯೇ ನಡೆದುಕೊಳ್ಳುವ ತಂತ್ರಾಂಶವೊಂದನ್ನು ಬರೆದು, ಆ ಮಾಹಿತಿಯನ್ನು ಹೊಸ ಕಂಪ್ಯೂಟರಿನಲ್ಲಿ ಕಾಣುವಂತೆ ಮಾಡಿದರು. ಇಂಥ ತಂತ್ರಾಂಶಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ಇದನ್ನು ಬರೆಯಬೇಕಾದರೆ ಹಳೆಯ ಯಂತ್ರ ಒಳಗೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದು ತಿಳಿದಿರಬೇಕು. ಅದು ಎಲ್ಲಿ ಸಿಗುತ್ತದೆ? ಆ ಯಂತ್ರದ ಜೊತೆಗೆ ಬಂದ ಕೈಪಿಡಿಗಳಲ್ಲಿ, ನಕ್ಷೆಗಳಲ್ಲಿ, ಅದನ್ನು ಬಳಸಿದವರ ಟಿಪ್ಪಣಿಗಳಲ್ಲಿ. ಅಂದರೆ ಕಾಗದದಲ್ಲಿ!

ಈ ಲೇಖನ ಆ ಕಾಗದದ ಬಗ್ಗೆ. ಹಳೆಯ ಮನೆಗಣಕಗಳ ಪುಸ್ತಕಗಳನ್ನೂ ದಾಖಲೆಗಳನ್ನೂ ಏಕೆ ಉಳಿಸಬೇಕು, ಹೇಗೆ ಉಳಿಸಬೇಕು, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ವಿದ್ಯಾರ್ಥಿಗಳು ಅದಕ್ಕೆ ಏನು ಮಾಡಬಹುದು ಎಂಬುದನ್ನು ನೋಡೋಣ. ಪರದೆಯ ಮೇಲಿನ ಮಾತುಕತೆಯಲ್ಲಿ ಹೇಳಲು ಸಮಯ ಸಾಲದ ಲೆಕ್ಕಗಳನ್ನೂ ಕ್ರಮಗಳನ್ನೂ ಇಲ್ಲಿ ಬಿಡಿಸಿ ಕೊಟ್ಟಿದೆ.

ಟಿವಿಗೆ ಜೋಡಿಸುವ ಕಂಪ್ಯೂಟರ್

1980ರ ದಶಕದ ಮನೆಗಣಕ ನೋಡಲು ದಪ್ಪನೆಯ ಕೀಲಿಮಣೆಯ ಹಾಗಿತ್ತು. ಅದಕ್ಕೆ ಪರದೆಯಾಗಿ ಮನೆಯ ಟಿವಿ, ಮಾಹಿತಿ ಉಳಿಸಲು ಮನೆಯ ಟೇಪ್ ರೆಕಾರ್ಡರ್. ಹಾಡು ಕೇಳುವ ಕ್ಯಾಸೆಟ್ಟಿನಲ್ಲೇ ಕಾರ್ಯಕ್ರಮವನ್ನು, ಅಂದರೆ ಪ್ರೋಗ್ರಾಮನ್ನು, ಕೀಚು ಧ್ವನಿಯ ರೂಪದಲ್ಲಿ ಮುದ್ರಿಸಿಕೊಳ್ಳುತ್ತಿದ್ದರು.

ಉದಾಹರಣೆಗೆ, 1981ರ ಕೊನೆಯಲ್ಲಿ ಬಂದ ‘ಬಿಬಿಸಿ ಮೈಕ್ರೋ’ ಎಂಬ ಗಣಕವನ್ನು ತೆಗೆದುಕೊಳ್ಳಿ. ಅದರ ಮಾಡೆಲ್ ಬಿ ಯಂತ್ರದ ಸ್ಮೃತಿ 32 ಕಿಲೋಬೈಟ್, ಅಂದರೆ 32,768 ಅಕ್ಷರಗಳಷ್ಟು. ಕ್ಯಾಸೆಟ್ಟಿನಿಂದ ಅದು ಸೆಕೆಂಡಿಗೆ 1,200 ಬಿಟ್ ಓದುತ್ತಿತ್ತು. ಒಂದು ಅಕ್ಷರಕ್ಕೆ 8 ಬಿಟ್, ಅಕ್ಷರದ ಆರಂಭ ಮತ್ತು ಅಂತ್ಯ ತಿಳಿಸಲು ಇನ್ನೂ 2, ಒಟ್ಟು 10 ಬಿಟ್. ಹಾಗಾದರೆ ಸೆಕೆಂಡಿಗೆ 120 ಅಕ್ಷರ. ಇಡೀ ಸ್ಮೃತಿ ತುಂಬಲು ಎಷ್ಟು ಹೊತ್ತು? 32,768ನ್ನು 120ರಿಂದ ಭಾಗಿಸಿದರೆ ಸುಮಾರು 273 ಸೆಕೆಂಡು, ಅಂದರೆ ನಾಲ್ಕೂವರೆ ನಿಮಿಷ. ನಡುವೆ ಟೇಪ್ ಸ್ವಲ್ಪ ಎಳೆದರೆ ಹಿಂದಕ್ಕೆ ಸುತ್ತಿ ಮತ್ತೆ ಓದಿಸಬೇಕು!

ಈ ಯಂತ್ರಗಳಿಗೆ ಅಂತರ್ಜಾಲ ಇರಲಿಲ್ಲ. ಪರದೆಯ ಮೇಲೆ ಸಹಾಯ ಕೇಳುವ ಗುಂಡಿಯೂ ಇರಲಿಲ್ಲ. ಯಾವ ಆಜ್ಞೆ ಕೊಟ್ಟರೆ ಏನಾಗುತ್ತದೆ ಎಂಬುದು ಪುಸ್ತಕದಲ್ಲಿ ಮಾತ್ರ ಇತ್ತು. ಬಿಬಿಸಿ ಮೈಕ್ರೋ ಜೊತೆಗೆ ಬರುತ್ತಿದ್ದ, ಜಾನ್ ಕೋಲ್ ಬರೆದ ಬಳಕೆದಾರರ ಕೈಪಿಡಿಯೇ ಸುಮಾರು 500 ಪುಟಗಳಷ್ಟಿತ್ತು. ಅಷ್ಟೇ ಅಲ್ಲ, ಅನೇಕ ಪ್ರೋಗ್ರಾಮುಗಳು ಪತ್ರಿಕೆಗಳಲ್ಲಿಯೂ ಪುಸ್ತಕಗಳಲ್ಲಿಯೂ ಅಚ್ಚಾಗಿಯೇ ಬರುತ್ತಿದ್ದವು. ಓದುಗರು ಸಾಲು ಸಾಲಾಗಿ ನೋಡಿ ಬೆರಳಚ್ಚು ಮಾಡಿಕೊಳ್ಳಬೇಕಿತ್ತು. ಹೀಗಾಗಿ ಆ ಕಾಲದ ಕಾಗದಕ್ಕೆ ಎರಡು ಕೆಲಸ: ಯಂತ್ರದ ಬಗ್ಗೆ ಹೇಳುವುದು ಒಂದು, ಯಂತ್ರ ನಡೆಸಬೇಕಾದ ಪ್ರೋಗ್ರಾಮನ್ನೇ ಹೊತ್ತಿರುವುದು ಇನ್ನೊಂದು. ಕ್ಯಾಸೆಟ್ಟಿನ ಮೇಲಿನ ಕಾಂತೀಯ ಲೇಪ ಕಾಲಕ್ರಮದಲ್ಲಿ ಉದುರುತ್ತದೆ, ಬೂಸಲು ಹಿಡಿಯುತ್ತದೆ. ಪುಸ್ತಕದ ಪುಟ ಹಳದಿಯಾದರೂ ಓದಲು ಬರುತ್ತದೆ.

ಬಿಬಿಸಿ ಮೈಕ್ರೋ ಹುಟ್ಟಿದ್ದೇ ಒಂದು ದೂರದರ್ಶನ ಯೋಜನೆಯಿಂದ ಎಂಬುದು ಸ್ವಾರಸ್ಯದ ಸಂಗತಿ. ಜನರಿಗೆ ಕಂಪ್ಯೂಟರ್ ಪರಿಚಯಿಸುವ ಹತ್ತು ಕಂತುಗಳ ಕಾರ್ಯಕ್ರಮ 1982ರ ಜನವರಿಯಲ್ಲಿ ಆರಂಭವಾಯಿತು. ಅದರ ಜೊತೆಗೆ ಓದಲು ಒಂದು ಪುಸ್ತಕವೂ ಬಂತು. 2018ರಲ್ಲಿ ಬಿಬಿಸಿ ಆ ಯೋಜನೆಯ ಕಾರ್ಯಕ್ರಮಗಳನ್ನೂ ಪ್ರೋಗ್ರಾಮುಗಳನ್ನೂ ಒಟ್ಟುಗೂಡಿಸಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಅಲ್ಲಿ ಅವು ಉಳಿದದ್ದು ಯಾರೋ ಜೋಪಾನ ಮಾಡಿದ್ದರಿಂದ.

ನಮ್ಮ ದೇಶದ ಶಾಲೆಗಳಿಗೆ ಬಂದಾಗ

ಇದೆಲ್ಲ ಇಂಗ್ಲೆಂಡಿನ ಮಾತಾಯಿತು, ನಮಗೇನು ಎಂದು ಕೇಳಬಹುದು. ಇದೇ ಬಿಬಿಸಿ ಮೈಕ್ರೋ ನಮ್ಮ ದೇಶದ ಶಾಲೆಗಳಿಗೂ ಬಂದಿತ್ತು. ಕೇಂದ್ರ ಸರ್ಕಾರ 1984ರಲ್ಲಿ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿತು. ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆ ಮತ್ತು ಅಧ್ಯಯನ ಅದರ ಗುರಿ. ಮೊದಲ ಹಂತದಲ್ಲಿ 250 ಶಾಲೆಗಳನ್ನು ಆರಿಸಿ ಬಿಬಿಸಿ ಮೈಕ್ರೋ ಗಣಕಗಳನ್ನು ಕೊಡಲಾಯಿತು. ಮುಂದೆ ಶಾಲೆಗಳ ಸಂಖ್ಯೆ ಎರಡು ಸಾವಿರ ದಾಟಿತು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಇದೇ ಗಣಕವನ್ನು ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಹೊರತಂದಿತು. ಪುಣೆಯ ಡೆಸಿಬೆಲ್ಸ್ ಕಂಪನಿ ‘ಸ್ಪೆಕ್ಟ್ರಂ’ ಎಂಬ ಇನ್ನೊಂದು ಬ್ರಿಟಿಷ್ ಮನೆಗಣಕವನ್ನು ಇಲ್ಲಿ ಜೋಡಿಸಿ ಮಾರಿತು.

ಕರ್ನಾಟಕದಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ದೊಡ್ಡ ಪ್ರಮಾಣದಲ್ಲಿ ಬಂದದ್ದು ‘ಮಾಹಿತಿ ಸಿಂಧು’ ಯೋಜನೆಯಿಂದ. 2001ರ ಸುಮಾರಿಗೆ ಆರಂಭವಾದ ಈ ಯೋಜನೆ ಸಾವಿರದಷ್ಟು ಶಾಲೆಗಳಿಗೆ ತಲುಪಿತು. ಆಗ ಒಂಬತ್ತನೆಯ ತರಗತಿಯಲ್ಲಿದ್ದವರಿಗೆ ಈಗ ನಲವತ್ತರ ಹತ್ತಿರದ ವಯಸ್ಸು. ಅವರಿಗೆ ಕಲಿಸಿದ ಗುರುಗಳಲ್ಲಿ ಅನೇಕರು ನಿವೃತ್ತರು.

ಯಂತ್ರಗಳಂತೂ ಹೋದವು. ಕೆಟ್ಟವು ಗುಜರಿಗೆ, ಉಳಿದವು ಹರಾಜಿಗೆ. ಆದರೆ ಅವುಗಳ ಜೊತೆಗಿದ್ದ ಕಾಗದ? ಆಮದಾದ ಇಂಗ್ಲಿಷ್ ಕೈಪಿಡಿಗಳ ಪ್ರತಿಗಳು ಲಕ್ಷಗಟ್ಟಲೆ ಅಚ್ಚಾಗಿದ್ದವು. ಅವನ್ನು ಹೊರದೇಶಗಳ ಹವ್ಯಾಸಿಗಳು ಆಗಲೇ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ‘ಬಿಟ್‌ಸೇವರ್ಸ್’ ಎಂಬ ಸಂಗ್ರಹದಲ್ಲಿ ಹಳೆಯ ಕಂಪ್ಯೂಟರ್ ಕೈಪಿಡಿಗಳು ಸಾವಿರಾರು ಇವೆ. ‘ಇಂಟರ್ನೆಟ್ ಆರ್ಕೈವ್’ ಎಂಬ ಲಾಭರಹಿತ ಸಂಸ್ಥೆ 1996ರಲ್ಲಿ ಆರಂಭವಾಯಿತು. ಅದರಲ್ಲಿ 1980ರ ದಶಕದ ಕಂಪ್ಯೂಟರ್ ಪತ್ರಿಕೆಗಳ ರಾಶಿಯೇ ಇದೆ. ಆದರೆ ನಮ್ಮ ಕನ್ನಡ ಶಾಲೆಯ ಮೇಷ್ಟ್ರು ತರಬೇತಿಯಲ್ಲಿ ಬರೆದುಕೊಂಡ ನೋಟುಬುಕ್ಕು, ತಾಲ್ಲೂಕು ಊರಿನ ಕಂಪ್ಯೂಟರ್ ತರಬೇತಿ ಕೇಂದ್ರ ಸೈಕ್ಲೋಸ್ಟೈಲ್ ಮಾಡಿ ಹಂಚಿದ ಕನ್ನಡ ಪಾಠ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಪ್ರವೇಶದ ಕರಪತ್ರ, ಇವುಗಳಿಗೆ ಎರಡನೆಯ ಪ್ರತಿ ಎಲ್ಲಿಯೂ ಇರಲಾರದು. ರದ್ದಿಯವನ ತಕ್ಕಡಿಗೆ ಹೋದರೆ ಮುಗಿಯಿತು. ಇಂಗ್ಲಿಷ್ ಬಾರದ ಹಳ್ಳಿಯ ಹುಡುಗನಿಗೆ ಕಂಪ್ಯೂಟರನ್ನು ಯಾವ ಮಾತುಗಳಲ್ಲಿ ವಿವರಿಸಿದರು ಎಂಬ ಚರಿತ್ರೆ ಅವುಗಳ ಜೊತೆಗೇ ಹೋಗುತ್ತದೆ.

ಕನ್ನಡ ಅಕ್ಷರಗಳ ಕಥೆ

ಡೂಮ್ಸ್‌ಡೇ ಡಿಸ್ಕಿನಂಥ ಒಗಟು ನಮ್ಮ ಭಾಷೆಯಲ್ಲೂ ಇದೆ. ನಿಮ್ಮ ಶಾಲೆಯ ಇಲ್ಲವೇ ಗ್ರಾಮ ಪಂಚಾಯಿತಿಯ ಹಳೆಯ ಕನ್ನಡ ಕಡತವೊಂದನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಕನ್ನಡದ ಬದಲು ಅರ್ಥವಾಗದ ಚಿಹ್ನೆಗಳು ಕಾಣಬಹುದು. ‘ಕನ್ನಡ’ ಎಂಬ ಪದವೇ ಇಂಗ್ಲಿಷಿನ ದೊಡ್ಡ ‘ಪಿ’ ಅಕ್ಷರ, ನೆತ್ತಿಯ ಮೇಲೆ ಗೀಟಿರುವ ದೊಡ್ಡ ‘ಎ’, ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ, ಹೀಗೆ ಬರುತ್ತದೆ. ಏಕೆ?

ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಅಂದರೆ ಫಾಂಟ್‌ಗಳು, ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳ ಸ್ಥಾನದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ್ದವು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ‘ಪಿ’, ಫಾಂಟ್ ಇದ್ದರೆ ನಮ್ಮ ಕಣ್ಣಿಗೆ ‘ಕ’ ಅಕ್ಷರದ ಒಂದು ಭಾಗ. ಫಾಂಟ್ ಇಲ್ಲದಿದ್ದರೆ ‘ಪಿ’ ಮಾತ್ರ ಉಳಿಯುತ್ತದೆ. ಆಮೇಲೆ ಬಳಕೆಗೆ ಬಂದ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳಿವೆ, ಆದ್ದರಿಂದ ಅಲ್ಲಿ ‘ಕ’ ಎಂದರೆ ಎಲ್ಲ ಕಂಪ್ಯೂಟರಿನಲ್ಲೂ ‘ಕ’ವೇ.

ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸಬೇಕಾದರೆ ಯಾವ ಚಿಹ್ನೆ ಯಾವ ಅಕ್ಷರದ ತುಂಡು ಎಂಬ ಪಟ್ಟಿ ಬೇಕು. ಹೆಚ್ಚು ಬಳಕೆಯಲ್ಲಿದ್ದ ನುಡಿ, ಬರಹಗಳಿಗೆ ಪರಿವರ್ತಕ ತಂತ್ರಾಂಶಗಳು ಸಿಗುತ್ತವೆ. ಕಡಿಮೆ ಪರಿಚಿತ ಫಾಂಟ್‌ಗಳ ವಿಷಯದಲ್ಲಿ ಆ ಪಟ್ಟಿ ಸಿಗುವ ಜಾಗ ಹಳೆಯ ಡಿಟಿಪಿ ಅಂಗಡಿಯ ಗೋಡೆಗೆ ಅಂಟಿಸಿದ ಕೀಲಿಮಣೆ ಚಾರ್ಟು, ತಂತ್ರಾಂಶದ ಡಬ್ಬಿಯಲ್ಲಿದ್ದ ತೆಳ್ಳನೆಯ ಕೈಪಿಡಿ. ಹತ್ತು ಪುಟದ ಆ ಪುಸ್ತಿಕೆ ಸಾವಿರ ಕಡತಗಳ ಬೀಗದ ಕೈ ಆಗಬಹುದು.

ನಮ್ಮ ನೆಲದ ಮೇಲ್ಪಂಕ್ತಿ

ಹಳೆಯ ಕಾಗದಕ್ಕಾಗಿ ಮನೆ ಮನೆ ತಿರುಗುವುದೇ ಎಂದು ಸಂಕೋಚಪಡಬೇಡಿ. ನಿಮ್ಮ ಜಿಲ್ಲೆಗೆ ಈ ವಿಷಯದಲ್ಲಿ ದೊಡ್ಡ ಪರಂಪರೆಯೇ ಇದೆ. ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮಠ ಮನೆಗಳಲ್ಲಿದ್ದ ತಾಳೆಗರಿಗಳನ್ನು ಹುಡುಕಿ ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರ ಸಾರ’ ಪ್ರಕಟಿಸಿದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಸ್ಥಾಪಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅವರ ಜನ್ಮದಿನವಾದ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಿಸುತ್ತೇವೆ. ಬಸವನ ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು ಎಂದು ನಾವು ಹೆಮ್ಮೆಪಡುತ್ತೇವೆ. ಅವರ ವಚನಗಳು ನಮ್ಮ ಪಠ್ಯಪುಸ್ತಕದವರೆಗೆ ಬಂದದ್ದು ಗರಿಯಿಂದ ಗರಿಗೆ, ಗರಿಯಿಂದ ಅಚ್ಚಿಗೆ ಪ್ರತಿ ಮಾಡಿದವರ ದುಡಿಮೆಯಿಂದ.

ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರನ್ನು ನೆನೆಯಿರಿ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಹೆಣ್ಣುಮಕ್ಕಳು ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು. ದಿನವೂ ಕೇಳುವ ಹಾಡನ್ನು ಪುಸ್ತಕ ಮಾಡುವುದೇನು ಎಂದು ಅಂದಿನವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಬೀಸುಕಲ್ಲಿನ ಜಾಗಕ್ಕೆ ಹಿಟ್ಟಿನ ಗಿರಣಿ ಬಂದ ಮೇಲೆ ಆ ಪುಸ್ತಕದ ಬೆಲೆ ತಿಳಿಯಿತು. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ಹಸ್ತಪ್ರತಿ, ಶಾಸನಗಳ ಸಂಶೋಧನೆಗೆ ಬದುಕನ್ನೇ ಮುಡಿಪಾಗಿಟ್ಟರು. ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರೂ ಅವರೇ.

ಕಂಪ್ಯೂಟರ್ ಪಾಠದ ನೋಟುಬುಕ್ಕನ್ನು ವಚನದ ಗರಿಗೆ ಹೋಲಿಸುವುದು ಹೆಚ್ಚಾಯಿತು ಅನ್ನಿಸಬಹುದು. ಎರಡರ ಮಹತ್ವ ಒಂದೇ ಎಂದು ನಾನು ಹೇಳುತ್ತಿಲ್ಲ. ಉಳಿಸುವ ವಿಧಾನ ಮಾತ್ರ ಒಂದೇ: ಹುಡುಕುವುದು, ಪ್ರತಿ ಮಾಡುವುದು, ಎಲ್ಲಿಂದ ಬಂತು ಎಂದು ಬರೆದಿಡುವುದು, ಹತ್ತು ಜನಕ್ಕೆ ಸಿಗುವಂತೆ ಮಾಡುವುದು.

ಎಲ್ಲಿ ಹುಡುಕಬೇಕು?

ಶಾಲೆಯ ವಿಜ್ಞಾನ ಕೊಠಡಿಯ ಕಪಾಟಿನ ಕೆಳಗಿನ ಖಾನೆ. ನಿವೃತ್ತ ಗಣಿತ, ವಿಜ್ಞಾನ ಶಿಕ್ಷಕರ ಮನೆಯ ಟ್ರಂಕು. ಟೈಪಿಂಗ್ ಕಲಿಸುತ್ತ ಆಮೇಲೆ ಕಂಪ್ಯೂಟರಿಗೆ ಬದಲಾದ ಇನ್‌ಸ್ಟಿಟ್ಯೂಟುಗಳು. ಪೇಟೆಯ ಹಳೆಯ ಡಿಟಿಪಿ, ಜೆರಾಕ್ಸ್ ಅಂಗಡಿಗಳು. ಬ್ಯಾಂಕು, ಸಹಕಾರ ಸಂಘ, ಸಕ್ಕರೆ ಕಾರ್ಖಾನೆಗಳಲ್ಲಿ ಮೊದಲ ಕಂಪ್ಯೂಟರ್ ನಡೆಸಿದವರು. ಪುಣೆ, ಮುಂಬಯಿ, ಬೆಂಗಳೂರಿನಲ್ಲಿ ದುಡಿದು ಊರಿಗೆ ಮರಳಿದವರು. ರದ್ದಿ ಅಂಗಡಿಯ ಮಾಲೀಕರಿಗೂ ಒಂದು ಮಾತು ಹೇಳಿ ಇಡಿ.

ಪುಸ್ತಕವನ್ನು ಕಿತ್ತುಕೊಂಡು ಬರಬೇಕಿಲ್ಲ. “ಸರ್, ಪ್ರತಿ ಮಾಡಿಕೊಂಡು ನಿಮಗೇ ಮರಳಿ ಕೊಡುತ್ತೇವೆ” ಎಂದರೆ ಯಾರೂ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ. ಕೊಟ್ಟವರ ನೆನಪನ್ನೂ ಬರೆದುಕೊಳ್ಳಿ. ಯಾವ ವರ್ಷ, ಯಾವ ಯಂತ್ರ, ಎಷ್ಟು ಜನ ಒಂದು ಯಂತ್ರದ ಮುಂದೆ ಕೂರುತ್ತಿದ್ದರು, ಕರೆಂಟ್ ಹೋದಾಗ ಏನು ಮಾಡುತ್ತಿದ್ದರು? ಪುಸ್ತಕದಲ್ಲಿ ಇಲ್ಲದ್ದು ಅವರ ಮಾತಿನಲ್ಲಿ ಇರುತ್ತದೆ.

ಕಾಗದದ ಶತ್ರುಗಳು

ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶವೂ ಆಮ್ಲವೂ ಉಳಿದಿರುತ್ತವೆ. ಬೆಳಕು, ಗಾಳಿ, ಸೆಕೆ ತಗುಲಿದಂತೆ ಕಾಗದ ಹಳದಿಯಾಗಿ, ಪೆಡಸಾಗಿ ಮುರಿಯುತ್ತದೆ. ರಾಸಾಯನಿಕ ಕ್ರಿಯೆಗಳ ವೇಗ ಉಷ್ಣತೆ 10 ಡಿಗ್ರಿ ಏರಿದರೆ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಸ್ಥೂಲ ನಿಯಮವನ್ನು ನೀವು ರಸಾಯನಶಾಸ್ತ್ರದಲ್ಲಿ ಓದಿರಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ, ತಗಡಿನ ಮಾಡಿನ ಕೆಳಗಿನ ಅಟ್ಟ ಇನ್ನೂ ಬಿಸಿ. ಆದ್ದರಿಂದ ಪುಸ್ತಕಕ್ಕೆ ಅಟ್ಟ ಬೇಡ, ಮನೆಯ ಒಳಕೋಣೆಯ ಕಪಾಟು ಒಳ್ಳೆಯದು.

ಇನ್ನೊಂದು ಶತ್ರು ನೀರು. ಭೀಮಾ ನದಿ ಇಂಡಿ, ಸಿಂದಗಿ ಭಾಗದ ಅಂಚಿನಲ್ಲಿ ಹರಿಯುತ್ತದೆ, ಕೃಷ್ಣೆ ಬಾಗೇವಾಡಿ, ಮುದ್ದೇಬಿಹಾಳ ಭಾಗದಲ್ಲಿ. 2009ರ ಅಕ್ಟೋಬರಿನ ನೆರೆಯನ್ನೂ 2020ರ ಅಕ್ಟೋಬರಿನ ಭೀಮಾ ಪ್ರವಾಹವನ್ನೂ ಹಿರಿಯರು ಮರೆತಿಲ್ಲ. ಪೆಟ್ಟಿಗೆಯನ್ನು ನೆಲದ ಮೇಲಿಡದೆ ಒಂದು ಅಡಿಯಾದರೂ ಎತ್ತರದಲ್ಲಿಡಿ. ಗೋಡೆಗೆ ತಾಗಿಸಬೇಡಿ, ಗೋಡೆಯ ತೇವ ಮತ್ತು ಗೆದ್ದಲು ಎರಡೂ ಆ ದಾರಿಯಲ್ಲೇ ಬರುತ್ತವೆ.

ಕೆಲವು ಎಚ್ಚರಿಕೆಗಳು:

ಸ್ಟೇಪಲ್ ಪಿನ್ನು, ಜೆಮ್ ಕ್ಲಿಪ್ಪು ತುಕ್ಕು ಹಿಡಿದು ಕಾಗದ ತಿನ್ನುತ್ತವೆ. ಮೆಲ್ಲಗೆ ತೆಗೆಯಿರಿ. ರಬ್ಬರ್ ಬ್ಯಾಂಡ್ ಬೇಡ, ಹತ್ತಿಯ ಲಾಡಿ ಕಟ್ಟಿ.

ಹರಿದ ಪುಟಕ್ಕೆ ಸೆಲೋಟೇಪ್ ಹಚ್ಚಬೇಡಿ. ಅದರ ಅಂಟು ಕೆಲವು ವರ್ಷಗಳಲ್ಲಿ ಕಂದಾಗಿ ಅಕ್ಷರವನ್ನು ಮುಚ್ಚುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಬಿಸಿ ಅಂಟಿನಲ್ಲಿ ಒಮ್ಮೆ ಸಿಕ್ಕ ಪುಟವನ್ನು ಬಿಡಿಸಲಾಗದು.

ಜೆರಾಕ್ಸ್ ಪ್ರತಿಗಳನ್ನು ಮೆತ್ತನೆಯ ಪ್ಲಾಸ್ಟಿಕ್ ಕವರಿನಲ್ಲಿಡಬೇಡಿ. ಅಕ್ಷರದ ಕಪ್ಪು ಪುಡಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬರುತ್ತದೆ.

ಶಾಖದಿಂದ ಅಚ್ಚಾಗುವ ಕಾಗದ ಎಲ್ಲಕ್ಕಿಂತ ಬೇಗ ಮಾಸುತ್ತದೆ. ಬಸ್ ಕಂಡಕ್ಟರ್ ಯಂತ್ರದಿಂದ ಹರಿದು ಕೊಡುವ ಟಿಕೆಟ್ ಜೇಬಿನಲ್ಲೇ ಬಿಳಿಯಾಗುವುದನ್ನು ನೋಡಿದ್ದೀರಲ್ಲ? ಅಂಥ ಹಾಳೆ ಸಿಕ್ಕರೆ ಮೊದಲು ಅದರ ಚಿತ್ರ ತೆಗೆಯಿರಿ.

ಸ್ಕ್ಯಾನ್ ಮಾಡುವ ಲೆಕ್ಕ

ಸಾಮಾನ್ಯ ಅಚ್ಚಿನ ಪುಟಕ್ಕೆ ಅಂಗುಲಕ್ಕೆ 300 ಚುಕ್ಕೆ ಸಾಕು. ಎ4 ಅಳತೆಯ ಪುಟದಲ್ಲಿ ಅಡ್ಡಕ್ಕೆ 2,480, ಉದ್ದಕ್ಕೆ 3,508 ಚುಕ್ಕೆ. ಗುಣಿಸಿದರೆ ಸುಮಾರು 87 ಲಕ್ಷ. ನಿಮ್ಮ ಮೊಬೈಲ್ ಕ್ಯಾಮೆರಾ 12 ಮೆಗಾಪಿಕ್ಸೆಲ್, ಅಂದರೆ 120 ಲಕ್ಷ ಚುಕ್ಕೆಗಳದ್ದಾಗಿದ್ದು, ಪುಟ ಚೌಕಟ್ಟಿನ ತುಂಬ ಬಂದರೆ, ಸ್ಕ್ಯಾನರ್ ಇಲ್ಲದೆಯೂ ಕೆಲಸ ಆಗುತ್ತದೆ. ಬಣ್ಣದ ಚಿತ್ರದಲ್ಲಿ ಒಂದು ಚುಕ್ಕೆಗೆ 3 ಬೈಟ್. ಹಾಗಾದರೆ ಒಂದು ಪುಟಕ್ಕೆ ಸಂಕುಚಿಸದೆ 261 ಲಕ್ಷ ಬೈಟ್, ಅಂದರೆ ಸುಮಾರು 26 ಮೆಗಾಬೈಟ್. ಇದನ್ನು ಬಿಬಿಸಿ ಮೈಕ್ರೋವಿನ 32 ಕಿಲೋಬೈಟಿನೊಂದಿಗೆ ಹೋಲಿಸಿ. ಎ4 ಅಳತೆಯ ಒಂದೇ ಒಂದು ಪುಟದ ಚಿತ್ರವನ್ನು ಹಿಡಿಯಲು ಅಂಥ ಸುಮಾರು ಎಂಟುನೂರು ಯಂತ್ರಗಳ ಸ್ಮೃತಿ ಬೇಕು!

ಚಿತ್ರ ತೆಗೆಯುವಾಗ ಕಿಟಕಿಯ ಬೆಳಕು ಪಕ್ಕದಿಂದ ಬೀಳಲಿ. ಫ್ಲ್ಯಾಶ್ ಬೇಡ. ಮೊಬೈಲ್ ಪುಟಕ್ಕೆ ಸಮಾನಾಂತರವಾಗಿರಲಿ, ಎರಡು ಡಬ್ಬಿಗಳ ಮೇಲೆ ಹಲಗೆ ಇಟ್ಟು ಅದರ ತೂತಿನ ಮೇಲೆ ಮೊಬೈಲ್ ಇಟ್ಟರೆ ಕೈ ನಡುಗುವುದಿಲ್ಲ. ಬೆನ್ನು ಮುರಿಯುವಂತೆ ಪುಸ್ತಕವನ್ನು ಒತ್ತಬೇಡಿ. ಖಾಲಿ ಪುಟ, ರಕ್ಷಾಪುಟ, ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ತಿದ್ದುಪಡಿ, ಎಲ್ಲವೂ ಬರಲಿ. ಪ್ರೋಗ್ರಾಮಿನ ಪುಟಗಳನ್ನು ಎರಡು ಬಾರಿ ತೆಗೆಯಿರಿ. ಅಲ್ಲಿ ಒಂದು ಅಲ್ಪವಿರಾಮ ಕಾಣದಿದ್ದರೂ ಪ್ರೋಗ್ರಾಮ್ ನಡೆಯುವುದಿಲ್ಲ.

ಕಡತಗಳಿಗೆ ವರ್ಷ, ಊರು, ಪುಸ್ತಕದ ಚಿಕ್ಕ ಹೆಸರು, ಪುಟಸಂಖ್ಯೆ ಸೇರಿಸಿ ಹೆಸರಿಡಿ. ಪುಟವನ್ನು 1, 2 ಎಂದು ಬರೆಯುವ ಬದಲು 001, 002 ಎಂದು ಬರೆಯಿರಿ. ಅಂಕಿಗಳನ್ನು ಅಕ್ಷರದಂತೆ ಜೋಡಿಸುವ ಕಂಪ್ಯೂಟರ್ 10ನ್ನು 2ಕ್ಕಿಂತ ಮೊದಲು ಇಡುತ್ತದೆ. ಜೊತೆಗೆ ಒಂದು ವಿವರಪಟ್ಟಿ ಇರಲಿ: ಶೀರ್ಷಿಕೆ, ಬರೆದವರು, ವರ್ಷ, ಯಾವ ಯಂತ್ರಕ್ಕೆ, ಪುಟಗಳೆಷ್ಟು, ಇಲ್ಲದ ಪುಟಗಳು ಯಾವುವು, ಯಾವ ಊರಿನಲ್ಲಿ ಸಿಕ್ಕಿತು, ಪ್ರತಿ ಮಾಡಿದ ದಿನಾಂಕ. ವಿವರಪಟ್ಟಿ ಇಲ್ಲದ ಸಾವಿರ ಚಿತ್ರಗಳು ಹೆಸರಿಲ್ಲದ ಸಾವಿರ ಲಕೋಟೆಗಳಿದ್ದ ಹಾಗೆ.

ಪ್ರತಿ ಸರಿಯಿದೆಯೇ? ತಾಳೆ ನೋಡುವ ವಿಧಾನ

ಹಳೆಯ ಪತ್ರಿಕೆಗಳು ಪ್ರೋಗ್ರಾಮಿನ ಸಾಲಿನ ಪಕ್ಕದಲ್ಲಿ ಒಂದು ಸಂಖ್ಯೆ ಅಚ್ಚು ಹಾಕುತ್ತಿದ್ದವು. 12, 45, 7 ಎಂಬ ಸಂಖ್ಯೆಗಳಿದ್ದರೆ ಪಕ್ಕದಲ್ಲಿ 64. ನೀವು 45ರ ಬದಲು 46 ಒತ್ತಿದರೆ ಮೊತ್ತ 65 ಆಗಿ ತಪ್ಪು ಗೊತ್ತಾಗುತ್ತದೆ. ಇದೇ ತಾಳೆಮೊತ್ತ. ಆದರೆ 45, 12, 7 ಎಂದು ಜಾಗ ಬದಲಿಸಿದರೆ? ಮೊತ್ತ 64 ಆಗಿಯೇ ಉಳಿಯುತ್ತದೆ, ತಪ್ಪು ಸಿಗುವುದಿಲ್ಲ. ಅದಕ್ಕಾಗಿ ಈಗ ‘ಷಾ-256’ರಂಥ ಲೆಕ್ಕಗಳನ್ನು ಬಳಸುತ್ತಾರೆ. ಕಡತದ ಒಂದೇ ಒಂದು ಬಿಟ್ ಬದಲಾದರೂ ಅದು ಕೊಡುವ ಉತ್ತರ ಪೂರ್ತಿ ಬೇರೆಯಾಗುತ್ತದೆ. ಇದನ್ನು ಮಾಡುವ ಉಚಿತ ತಂತ್ರಾಂಶಗಳಿವೆ. ಆ ಸಂಖ್ಯೆಯನ್ನು ವಿವರಪಟ್ಟಿಯಲ್ಲಿ ಬರೆದಿಟ್ಟು, ವರ್ಷಕ್ಕೊಮ್ಮೆ ಮತ್ತೆ ಲೆಕ್ಕ ಹಾಕಿ ಹೋಲಿಸಿ.

ಪ್ರತಿಗಳು ಕನಿಷ್ಠ ಮೂರಿರಲಿ. ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಒಂದೇ ಜಾಲತಾಣವನ್ನು ನಂಬಿ ಕೂರಬಾರದು. ನಮ್ಮ ದೇಶದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಲಕ್ಷಾಂತರ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಟ್ಟಿತ್ತು. 2017ರಲ್ಲಿ ಆ ತಾಣ ಮುಚ್ಚಿತು. ಅದರ ಪುಸ್ತಕಗಳು ಈಗಲೂ ಓದಲು ಸಿಗುತ್ತಿರುವುದು ಇಂಟರ್ನೆಟ್ ಆರ್ಕೈವ್‌ನಲ್ಲಿ ಅವುಗಳ ಪ್ರತಿಗಳಿರುವುದರಿಂದ. ಡೂಮ್ಸ್‌ಡೇ ಮಾಹಿತಿಯನ್ನು 2011ರಲ್ಲಿ ಬಿಬಿಸಿ ಅಂತರ್ಜಾಲಕ್ಕೆ ಹಾಕಿತು. 2018ರಲ್ಲಿ ಆ ತಾಣವೂ ಮುಚ್ಚಿ, ಅದರ ಪ್ರತಿ ರಾಷ್ಟ್ರೀಯ ಪತ್ರಾಗಾರಕ್ಕೆ ಸೇರಿತು.

ಕಾನೂನು ಮತ್ತು ಸೌಜನ್ಯ

ಉಳಿಸುವುದು ಬೇರೆ, ಹಂಚುವುದು ಬೇರೆ. 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಲೇಖಕರು ತೀರಿಕೊಂಡ ನಂತರವೂ 60 ವರ್ಷ ಅವರ ಕೃತಿಯ ಹಕ್ಕು ಉಳಿಯುತ್ತದೆ. 1980ರ ದಶಕದ ಪುಸ್ತಕಗಳೆಲ್ಲ ಇನ್ನೂ ಆ ರಕ್ಷಣೆಯಲ್ಲೇ ಇವೆ ಎಂದು ತಿಳಿಯಿರಿ. 2012ರ ತಿದ್ದುಪಡಿ ಒಂದು ಅನುಕೂಲ ಕೊಟ್ಟಿದೆ: ವಾಣಿಜ್ಯ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ, ತನ್ನ ಬಳಿ ಈಗಾಗಲೇ ಇರುವ ಪುಸ್ತಕವನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಆದ್ದರಿಂದ ನಿಮ್ಮೂರ ಗ್ರಂಥಾಲಯವನ್ನು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವನ್ನು ಈ ಕೆಲಸದಲ್ಲಿ ಜೊತೆಗೂಡಿಸಿಕೊಳ್ಳಿ.

ಶಿಕ್ಷಕರು ತಾವೇ ಬರೆದ ಟಿಪ್ಪಣಿಗೆ ಸಾಮಾನ್ಯವಾಗಿ ಅವರೇ ಹಕ್ಕುದಾರರು. “ಇದನ್ನು ಎಲ್ಲರೂ ಓದುವಂತೆ ಪ್ರಕಟಿಸಲು ನನ್ನ ಒಪ್ಪಿಗೆಯಿದೆ” ಎಂದು ಅವರಿಂದ ಒಂದು ಸಾಲು ಬರೆಸಿ ಸಹಿ ಪಡೆಯಿರಿ. ಇಂಥ ಒಪ್ಪಿಗೆ ಸಿಕ್ಕ ಕನ್ನಡ ದಾಖಲೆಯನ್ನು ಧೈರ್ಯವಾಗಿ ಇಂಟರ್ನೆಟ್ ಆರ್ಕೈವ್‌ಗೆ ಸೇರಿಸಬಹುದು. ವಿದ್ಯಾರ್ಥಿಗಳ ಅಂಕಪಟ್ಟಿ, ವಿಳಾಸ, ಫೋನ್ ಸಂಖ್ಯೆ ಇರುವ ಹಾಳೆಗಳನ್ನು ಮಾತ್ರ ಹೊರಗೆ ಹಾಕಬೇಡಿ.

ಈ ವಾರವೇ ಆರಂಭಿಸಿ

ನಾಲ್ಕು ತಾಲ್ಲೂಕಿನ ಎಲ್ಲ ಕಾಗದವನ್ನೂ ಒಮ್ಮೆಗೇ ಉಳಿಸುವ ಯೋಜನೆ ಹಾಕಬೇಡಿ. ನಾಲ್ಕು ಜನ ಗೆಳೆಯರು ಸೇರಿ, ವಿಜ್ಞಾನ ಶಿಕ್ಷಕರನ್ನು ಮಾರ್ಗದರ್ಶಕರಾಗಿ ಕರೆದು, ಒಂದೇ ಒಂದು ನೋಟುಬುಕ್ಕಿನಿಂದ ಆರಂಭಿಸಿ. ಒಬ್ಬರು ಪುಟ ತಿರುವಲಿ, ಒಬ್ಬರು ಚಿತ್ರ ತೆಗೆಯಲಿ, ಒಬ್ಬರು ವಿವರ ಬರೆಯಲಿ, ಒಬ್ಬರು ತಾಳೆ ನೋಡಲಿ. ನೂರು ಪುಟದ ನೋಟುಬುಕ್ಕು ಒಂದು ಭಾನುವಾರದ ಕೆಲಸ.

ಯಂತ್ರವನ್ನು ಮತ್ತೆ ಮಾಡಬಹುದು. ಎಮ್ಯುಲೇಟರಿನಲ್ಲಿ ಬಿಬಿಸಿ ಮೈಕ್ರೋ ಇಂದಿಗೂ ನಿಮ್ಮ ಕಂಪ್ಯೂಟರಿನ ಮೇಲೆ ನಡೆಯುತ್ತದೆ. ಅದಕ್ಕೆ ಕಾರಣ ಅದರ ಪುಸ್ತಕಗಳು ಉಳಿದದ್ದು. ನಮ್ಮ ಶಾಲೆಗಳಲ್ಲಿ ಕಂಪ್ಯೂಟರ್ ಕನ್ನಡ ಮಾತನಾಡಲು ಕಲಿತ ಬಗೆ ಮಾತ್ರ ನಮ್ಮೂರ ಟ್ರಂಕುಗಳಲ್ಲೇ ಇದೆ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ರದ್ದಿಯ ಮೂಟೆ ಕಟ್ಟುತ್ತಾರಲ್ಲ, ಅದಕ್ಕೆ ಮೊದಲು ಒಮ್ಮೆ ಬಿಚ್ಚಿ ನೋಡಿ.